ತೊಳೆದ ಮುಖದ ಫೋಟೋ

ಬನಹಟ್ಟಿಯ ನೇಕಾರ ಮಲಕಾಜಪ್ಪನ ಮಗಳು ಶೀತಲ್, ರಬಕವಿಯ ಸ್ಟುಡಿಯೋವೊಂದರ ಸ್ಟೂಲಿನ ಮೇಲೆ ಅಪರಾಧಿಯಂತೆ ಕುಳಿತಿದ್ದಳು. ಭಾನುವಾರ ಅವಳನ್ನು ನೋಡಲು ಮುಧೋಳದಿಂದ ಗಂಡಿನವರು ಬರುವವರಿದ್ದರು. ಅದಕ್ಕೆ ಮೊದಲು ಫೋಟೋ ಕಳಿಸಬೇಕಿತ್ತು.

“ಗದ್ದ ಕೆಳಗ ಮಾಡಬೇ. ಹಲ್ಲ ಕಾಣಸಬ್ಯಾಡ,” ಎಂದಳು ತಾಯಿ ಬನಶಂಕರಿ.

“ಸ್ವಲ್ಪ ನಗವಾ ತಂಗಿ,” ಎಂದ ಫೋಟೋಗ್ರಾಫರ್ ಶಿವಾಜಿ.

“ಹಲ್ಲ ಕಾಣಸದಽ ಹೆಂಗ ನಗಲಿ ಅಣ್ಣಾ?”

ಆಜ್ಞೆ ಕೊಟ್ಟು ನಗಿಸುವುದೇ ಅನ್ಯಾಯ. ನಗುವ ದಾರಿಯನ್ನೂ ಮುಚ್ಚಿ ನಗು ಎನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ. ಎಂಟು ಸಲ ಕ್ಯಾಮೆರಾ ಮಿಂಚಿತು. ಎಂಟು ಸಲವೂ ಅವಳ ಭುಜಗಳು ಕಿವಿಗೆ ತಾಗುವಷ್ಟು ಮೇಲೇರಿದವು.

“ಚಿಂತಿ ಮಾಡಬ್ಯಾಡ್ರಿ,” ಎಂದು ಶಿವಾಜಿ ಕಂಪ್ಯೂಟರಿನ ಮುಂದೆ ಕುಳಿತ. ನೋಡನೋಡುತ್ತ ಶೀತಲ್‌ಳ ಎಣ್ಣೆಗಪ್ಪು ಮುಖ ಹಾಲಿನಂತಾಯಿತು. ಗಲ್ಲದ ಮಚ್ಚೆ ಮಾಯವಾಯಿತು. “ಎಲ್ಲಾರದೂ ಹಿಂಗಽ ಮಾಡತೇನ್ರಿ.”

ಎಲ್ಲರೂ ಮಾಡುತ್ತಾರೆಂಬ ಮಾತಿನಿಂದ ಯಾವ ತಪ್ಪೂ ಶುದ್ಧವಾಗದು. ಮನುಷ್ಯರ ಮೈಬಣ್ಣವೇನು ಬಟ್ಟೆಗೆ ಬಿದ್ದ ಕಲೆಯೇ, ಉಜ್ಜಿ ತೆಗೆಯುವುದಕ್ಕೆ?

ಬನಶಂಕರಿ ಹಿಗ್ಗಿದಳು. ಶೀತಲ್ ಎದ್ದು ನಿಂತಳು.

“ಯವ್ವಾ, ಇದನ್ನ ಕಳಸಬ್ಯಾಡ. ನಮ್ಮ ಗೆಳತಿ ಕಾವ್ಯನ್ನ ನೋಡಾಕ ಬಂದಾಗ ಏನಾತು? ಹುಡುಗನ ಅತ್ತಿ ಫೋನ್ ತಗದು, ಅಕಿ ಮಾರಿ ಬಾಜೂಕ ಹಿಡದು ಹೋಲಿಸಿ ನೋಡಿದ್ಲು. ಎಲ್ಲಾರ ಮುಂದ! ನಾ ಇಲ್ಲಿ ಕುಂತಾಗಿಂದ ಅದಽ ಕಣ್ಣಮುಂದ ಬರಾಕತ್ತೈತಿ.”

ಬಾಗಿಲಲ್ಲಿ ನಿಂತಿದ್ದ ಮಲಕಾಜಪ್ಪ ಒಳಗೆ ಬಂದ.

“ಒಗದರ ಬಣ್ಣ ಬಿಡೂ ಸೀರಿ ನಾ ಇವತ್ತಿನ ತನಕ ಯಾರಿಗೂ ಕೊಟ್ಟಿಲ್ಲ. ಸ್ವಂತ ಮಗಳ ವಿಷಯದಾಗ ಮೋಸ ಮಾಡ್ಲೇನು? ಶಿವಾಜಿ, ಅದನ್ನ ಅಳಸು.”

“ಅಳಸಿದ್ನಿ ಕಾಕಾ.”

ಶೀತಲ್ ಹೊರಗಿನ ನಳಕ್ಕೆ ಹೋಗಿ ತಾಯಿ ಬಳಿದಿದ್ದ ಪೌಡರನ್ನೆಲ್ಲ ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಕುಳಿತಳು.

“ಅಣ್ಣಾ, ಈಗ ಉಸರ ಬಿಡಲೇನು?”

“ಅಯ್ಯ ನಮ್ಮವ್ವಾ, ಬಿಡಬ್ಯಾಡ ಅಂದಾವರ ಯಾರು?”

ಅವಳು ಗೊಳ್ಳೆಂದು ನಕ್ಕಳು. ಶಿವಾಜಿ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟ. ಇನ್ನು ಬಚ್ಚಿಡುವುದೇನೂ ಉಳಿದಿರಲಿಲ್ಲ. ಭುಜಗಳು ತಾವಾಗಿಯೇ ಇಳಿದಿದ್ದವು.

“ಹಲ್ಲ ಕಂಡುವು!” ಎಂದು ಬನಶಂಕರಿ ಹಣೆ ಬಡಿದುಕೊಂಡಳು.

“ಅದಾವ, ಕಂಡುವು,” ಎಂದ ಮಲಕಾಜಪ್ಪ.

ಆ ನಗುವಿನ ಫೋಟೋ ನೋಡಿಯೇ ಭಾನುವಾರ ಗಂಡಿನವರು ಬಂದರು. ಯಾರೂ ಫೋನು ಹೊರತೆಗೆಯಲಿಲ್ಲ. ಚಹಾ ಕೊಟ್ಟು ಶೀತಲ್ ತಲೆಯೆತ್ತಿ ಹುಡುಗನನ್ನು ನೋಡಿದಳು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ರಾಹುಲ, ತಾನು ಕಳಿಸಿದ್ದ ಫೋಟೋದಲ್ಲಿ ಬೆಣ್ಣೆಯ ಮುದ್ದೆಯಂತಿದ್ದ. ಎದುರಿಗೆ ಕುಳಿತವನು ಬೆಲ್ಲದ ಬಣ್ಣದವನು.

“ಫೋಟೋದಾಗಿನವ್ರು ಬರಲಿಲ್ಲೇನ್ರಿ?” ಎಂದು ಕೇಳಿಯೇ ಬಿಟ್ಟಳು.

ಬನಶಂಕರಿ ಮಗಳ ಸೆರಗು ಜಗ್ಗಿದಳು. ರಾಹುಲ ನಾಚಿ ಕಿವಿ ತುರಿಸಿಕೊಂಡ.

“ಅವ್ರು ಸ್ಟುಡಿಯೋದಾಗಽ ಉಳದಾರ್ರಿ. ನಾಳಿ ಖರೇದ್ದೊಂದು ಕಳಸತೇನಿ.”

ಅವನ ತಾಯಿಯೇ ಮೊದಲು ನಕ್ಕಳು.

“ಇರಲಿ ಬಿಡ್ರಿ,” ಎಂದಳು ಶೀತಲ್. “ಖರೇದವ್ರನ್ನಽ ನೋಡಿದ್ನಲ್ಲಾ.”