ಕಾಲಿಗೆ ಸಿಗದ ಗೆರೆ

"ಇದರ ಅಂಚು ಎಲ್ಲಿದೆಯಪ್ಪಾ?"

ಲಾಭುಬೆನ್ ಕೇಳಿದ್ದು ಯಾರನ್ನೂ ಅಲ್ಲ. ಮೋರ್ಬಿಯ ಆ ಮನೆಯ ಹೊಸ ಬಚ್ಚಲಲ್ಲಿ ಆಗ ಅವಳೊಬ್ಬಳೇ ಇದ್ದಳು. ಗಾರೆಯ ವಾಲ್ಜಿ ಸಿಮೆಂಟು ಹಾಕುವ ಮೊದಲು, ಹೇಗೆ ಕಾಣುತ್ತದೆಂದು ನೋಡಲು, ಬಾಗಿಲಗಲದ ಬಿಳಿ ಟೈಲ್ಸುಗಳನ್ನು ಸುಮ್ಮನೆ ಜೋಡಿಸಿಟ್ಟು ಚಹಾಕ್ಕೆ ಹೋಗಿದ್ದ. ಹೆಬ್ಬೆರಳಿನಿಂದ ತಡವಿದಳು. ಗೆರೆಯೇ ಸಿಗಲಿಲ್ಲ. ನೆಲ, ಗೋಡೆ ಎಲ್ಲ ಒಂದೇ ಮಂಜು. ಚೌಕಟ್ಟು ಹಿಡಿದು ಹೊರಗಿನ ಪಡಸಾಲೆಗೆ ಸರಿದಳು.

ಪಡಸಾಲೆಯದೂ ಹಳೆಯ ಬಚ್ಚಲಿನದೂ ಅಂಗೈಯಗಲದ ಟೈಲ್ಸು. ಬೆಳಗಿನ ಜಾವ ಪ್ರಭಾತಿ ಹಾಡು ಗುನುಗುತ್ತ ಹೋದರೆ ಸಂದುಗಳೇ ಅಂಗಾಲಿಗೆ ದಾರಿ ಹೇಳುತ್ತಿದ್ದವು. ಸೊಟ್ಟ ಸಂದಿನ ಪಕ್ಕ ನಲ್ಲಿ, ಮುಕ್ಕಾದ ಮೂಲೆಯಾಚೆ ಮೋರಿ. ಉತ್ತರಾಯಣದ ಗಾಳಿಪಟಗಳು ಬರೀ ಹೊಗೆಯಾಗಿ ಕಂಡಮೇಲೆ ಅವಳು ಗುಟ್ಟಾಗಿ ವೈದ್ಯರ ಹತ್ತಿರ ಹೋಗಿಬಂದಿದ್ದಳು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ ಎಂದಿದ್ದರು. ಮನೆಯಲ್ಲಿ ಬಾಯಿಬಿಡಲಿಲ್ಲ. ವಾಂಕಾನೇರಿನ ಅಕ್ಕನ ಕಣ್ಣು ಹೋದಾಗ ಸೊಸೆಯರು, ಸೀರೆಗೆ ಬೆಂಕಿ ತಗುಲೀತು ಎಂದು ಮೊದಲು ದೇವರಮನೆಯ ಠಾಕೋರ್‌ಜಿಯ ಆರತಿ ಕಸಿದುಕೊಂಡರು, ಆಮೇಲೆ ಒಲೆ. ಅಕ್ಕನಿಗೆ ಉಳಿದದ್ದು ಒಂದು ಮಂಚ.

ಮಗ ಪರ್ಬತ್ ಬಂದ, ಹಿಂದೆಯೇ ವಾಲ್ಜಿ.

"ಹೇಗಿದೆಯಮ್ಮಾ? ನಮ್ಮ ಕಾರ್ಖಾನೆಯ ಹೊಸ ನಮೂನೆ. ಕನ್ನಡಿ ಕಣಮ್ಮಾ, ಕನ್ನಡಿ!"

"ಸಣ್ಣದು ಹಾಕಿಸೋ. ಒರಟಾಗಿರೋದು. ಸಂದು ಇರಲಿ."

"ಸಂದಲ್ಲಿ ಕೊಳೆ ಕೂರುತ್ತೆ. ಅಲ್ಲ, ಟೈಲ್ಸ್ ಮಾಡೋರ ಮನೇಲೇ ಚೂರುಪಾರು ಅಂಟಿಸಿದ್ದಾರೆ ಅಂತ ಊರು ಆಡ್ಕೊಳ್ಳಲ್ವಾ?"

ವಾಲ್ಜಿ ನಕ್ಕ. "ಲಾಭು ಮಾಸಿಗೆ ಬಿಸ್ಕತ್ತಿನ ಗಾತ್ರದ್ದೇ ಆಗ್ಬೇಕು. ಚಹಾದಲ್ಲಿ ಅದ್ದಿ ಅದ್ದಿ ಅಂಟಿಸ್ತೀನಿ ಬಿಡಿ."

"ಕೂತು ಹಾಕೋಕೆ ನಿನಗೆ ಸೋಮಾರಿತನ. ನಿಮ್ಮಪ್ಪನಾಗಿದ್ರೆ ತುಟಿಪಿಟಕ್ಕೆನ್ನದೆ ಹಾಕ್ತಿದ್ದ," ಎಂದಳು. ಮಗನ ಕಡೆ ತಿರುಗಿದಳು. "ಜಾರುತ್ತೆ ಕಣೋ, ಪರ್ಬತ್."

"ಯಾರು ಜಾರ್ತಾರಮ್ಮಾ? ನಮಗೇನು ಕಣ್ಣಿಲ್ವಾ?"

ಅವಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.

ಹೊಸ ನಮೂನೆಯ ಮೊದಲ ಟೈಲ್ಸಿನ ಮೇಲೆ ಮನೆಯ ಹಿರಿಯಳ ಕುಂಕುಮದ ಹೆಜ್ಜೆ ಬೀಳಬೇಕು. ಮಾವನ ಕಾಲದ ಪದ್ಧತಿ; ಆ ಹೆಜ್ಜೆ ಬೀಳದೆ ಟೈಲ್ಸನ್ನು ಯಾರೂ ನೆಲಕ್ಕೆ ಹಾಕುತ್ತಿರಲಿಲ್ಲ. ಕಾರ್ಖಾನೆಯ ಎಷ್ಟೋ ನಮೂನೆಗಳ ಮೇಲೆ ಅವಳು ಹಾಗೆ ನಡೆದಿದ್ದಳು. ಪರ್ಬತ್ ಕುಂಕುಮದ ನೀರಿನ ತಟ್ಟೆ ತಂದು ಹೊಸ್ತಿಲ ಬಳಿ ಇಟ್ಟ.

"ಹೂಂ, ಬಲಗಾಲು. ನೀನಿಟ್ಟರೆ ಸಾಕು, ಈಗಲೇ ಸಿಮೆಂಟು ಕಲಸ್ತಾನೆ."

ಮಂಜಿನೊಳಗೆ ಎಲ್ಲೋ ಒಂದು ಕೆಂಪು. ಅಂದಾಜಿನಲ್ಲಿ ಪಾದ ಅದ್ದಿ ಎತ್ತಿದಳು. ಮುಂದೆ ಕಟ್ಟೆಯಿಲ್ಲದ ಬಾವಿಯ ಹಾಗೆ ಬಿಳುಪು. ಬಿದ್ದರೆ ಕಣ್ಣಿನ ಗುಟ್ಟು ಈಗಲೇ ಎಲ್ಲರಿಗೂ ಗೊತ್ತಾಗುತ್ತದೆ. ಬೀಳದಿದ್ದರೆ ಇದೇ ನೆಲ ನಾಳೆಯಿಂದ ಖಾಯಂ. ಬಾಯಲ್ಲಿ ಠಾಕೋರ್‌ಜಿಯ ಹೆಸರೂ ನಿಂತುಹೋಯಿತು.

"ಯಾಕಮ್ಮಾ? ಇಡು. ನಾನು ಕೈ ಹಿಡ್ಕೊಳ್ಳಲಾ?"

ಅವನು ಹಿಡಿದ ಕೈಯನ್ನು ಅವಳು ಕೊಸರಿಕೊಂಡಳು. ತೊಟ್ಟಿಕ್ಕುತ್ತಿದ್ದ ಕಾಲನ್ನು ಹಿಂದಕ್ಕೆ ತಂದು ಪಡಸಾಲೆಯ ಹಳೆಯ ನೆಲಕ್ಕೆ ಊರಿದಳು. ಕೆಂಪು ನೀರು ಸಂದುಗಳಿಗಿಳಿದು ಮೆಲ್ಲಗೆ ಹರಿಯಿತು.

"ಇಡೋದಿಲ್ಲ."