ಹಿಂದಕ್ಕೆ ಜಾರುವ ಮಗು

ಹತ್ತು ತಿಂಗಳಾದರೂ ಇಲ್ವಾ ಎಂಬ ಆ ಹೆಣ್ಣುಮಗು ಅಂಬೆಗಾಲಿಡಲಿಲ್ಲ. ಬೋರಲು ಮಲಗಿಸಿದರೆ ಕೈಕಾಲು ಬಡಿಯುವಳು, ಮುಖ ಕೆಂಪಾಗುವಷ್ಟು ಮುಕ್ಕಿರಿಯುವಳು, ಕೊನೆಗೆ ಒಂದು ಗೇಣು ಹಿಂದಕ್ಕೆ ಜಾರಿ ಅಳುವಳು.

ಅವಳಪ್ಪ ತೂರ್ಗೈರ್ ಉತ್ತರದ ಚಳಿನಾಡಿನ ಒಂದು ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಹೆಂಡತಿ ಹೆರಿಗೆ ರಜೆ ಮುಗಿಸಿ ಶಾಲೆಯ ಕೆಲಸಕ್ಕೆ ಮರಳಿದ ಮೇಲೆ, ಅಲ್ಲಿ ಅಪ್ಪಂದಿರಿಗೂ ಸಿಗುವ ರಜೆಯಲ್ಲಿ ಮಗು ಅವನ ಕೈಗೆ ಬಂದಿತ್ತು. ಅವನಿಗೆ ಚುಚ್ಚುತ್ತಿದ್ದುದೂ ಅದೇ. ಅಮ್ಮನ ಪಾಳಿಯಲ್ಲಿ ಮಗು ಮಗುಚಿತು, ಕೂತಿತು. ತನ್ನ ಪಾಳಿ ಬಂದದ್ದೇ ತಡ, ಕಲಿಕೆ ಅಲ್ಲಿಗೇ ನಿಂತುಬಿಟ್ಟಿತು. ಮಗನನ್ನು ಕೂರಿಸಿದ ತಳ್ಳುಗಾಡಿ ತಳ್ಳುತ್ತಾ ಎದುರಾದ ಗೆಳೆಯ ಸಿವೆರ್ಟ್, "ನಮ್ಮವನು ಬೆಕ್ಕನ್ನ ಅಟ್ಟಿಸ್ಕೊಂಡು ಅಡುಗೆಮನೆ ದಾಟ್ತಾನೆ ಕಣೋ. ನಿಮ್ಮವಳು?" ಎಂದಾಗ ಅವನು ಹವಾಮಾನದ ಮಾತೆತ್ತಿ ತಪ್ಪಿಸಿಕೊಂಡಿದ್ದ.

ಮನೆಯಲ್ಲಿ ಕೂತರೆ ಕೂರಲಾಗದು. ಮಗುವಿನ ಮುಂದೆ ಚಮಚ ಇಟ್ಟ, ಸ್ಪಾನರ್ ಇಟ್ಟ, ಫೋನ್ ಇಟ್ಟ. ಟೇಪು ತಂದು ಎರಡೂ ಕಾಲಿನ ಉದ್ದ ಅಳೆದ. ಸಮ ಇತ್ತು. ನಂಬಿಕೆಯಾಗದೆ ಇನ್ನೊಮ್ಮೆ ಅಳೆದ.

ಹನ್ನೊಂದಕ್ಕೆ ಸರಿಯಾಗಿ ಕಾಫಿಗೆಂದು ಅತ್ತೆ, ಹೆಂಡತಿಯ ತಾಯಿ ಗುಡ್ಲಾಗ್ ಬಂದಳು, ಹೊಸದಾಗಿ ಹೆಣೆದ ಕಾಲ್ಚೀಲದೊಂದಿಗೆ.

"ಅತ್ತೆ, ಇವಳ ಕಾಲಲ್ಲೇನಾದ್ರೂ ದೋಷ ಇರಬಹುದಾ?"

"ಚಳಿ ಹಿಡಿದಿದೆ, ಅಷ್ಟೇ. ಇದನ್ನ ಹಾಕು."

"ಆಗ್ಲೇ ಎರಡು ಜೊತೆ ಹಾಕಿದೀನಲ್ಲ!"

"ಹಂಗಾದ್ರೆ ಮೂರಾಗುತ್ತೆ, ಹಾಕು ಮಾರಾಯ. ಈ ಊರಲ್ಲಿ ಬರಿಗಾಲಲ್ಲಿ ಬೆಳೆದ ಕೂಸು ಯಾವ್ದಿದೆ ಹೇಳು?"

ಮಗುವಿಗೆ ಪಾದವೂ ಮುಚ್ಚುವ ಉಣ್ಣೆಯ ಚಲ್ಲಣ, ಅದರ ಮೇಲೆ ಕಾಲ್ಚೀಲದ ಮೇಲೆ ಕಾಲ್ಚೀಲ. ಎಲ್ಲವೂ ಅಜ್ಜಿಯ ಕೈಕೆಲಸ.

ಗುರುವಾರ ಶಿಶು ಆರೋಗ್ಯ ಕೇಂದ್ರಕ್ಕೆ ಹೋದ. ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕೊಡುತ್ತಾರೆಂದೇ ಅವನು ಹೆದರಿದ್ದ. ನರ್ಸ್ ಸೋಲ್ರುನ್ ತೂಕ ಹಾಕಲು ಮಗುವಿನ ಬಟ್ಟೆ ಬಿಚ್ಚತೊಡಗಿದಳು. ಒಂದು, ಎರಡು, ಮೂರು.

"ಈರುಳ್ಳಿ ಸುಲಿದಂಗಾಯ್ತಲ್ಲೋ," ಎಂದು ನಕ್ಕು, ತೂಕ ನೋಡಿ, ಮಗುವನ್ನು ರಬ್ಬರ್ ಚಾಪೆಯ ಮೇಲೆ ಬೋರಲು ಬಿಟ್ಟಳು.

ಇಲ್ವಾ ಕಾಲಿನ ಹೆಬ್ಬೆರಳನ್ನು ಚಾಪೆಗೆ ಊರಿದಳು. ಮಂಡಿ ಮಡಚಿತು. ಮೈ ಮುಂದಕ್ಕೆ ಹೋಯಿತು. ತನಗೇ ಆಶ್ಚರ್ಯವಾದವಳಂತೆ ಒಂದು ಗಳಿಗೆ ನಿಂತು, ಮತ್ತೆ ಇನ್ನೊಂದು ಮಂಡಿ ಎಳೆದುಕೊಂಡಳು.

ತೂರ್ಗೈರ್ ಚಾಪೆಯ ಪಕ್ಕ ಕುಕ್ಕರಿಸಿ ಮಗಳ ಹೆಬ್ಬೆರಳನ್ನೇ ನೋಡಿದ.

ಸೋಲ್ರುನ್ ಮಗುವಿನ ಸೊಂಟ, ಕಾಲುಗಳನ್ನು ಆಡಿಸಿ ನೋಡಿದಳು. "ಏನೂ ಇಲ್ಲ, ಗಟ್ಟಿಮುಟ್ಟಾಗಿದಾಳೆ. ಮನೇಲಿ ನೆಲ ಎಂಥದು?"

"ಹಲಗೆದು. ಇವಳು ಹುಟ್ಟೋ ಮೊದ್ಲು ನಾನೇ ಉಜ್ಜಿ ಮೂರು ಕೋಟು ವಾರ್ನಿಷ್ ಹೊಡೆದೆ. ಮುಖ ಕಾಣುತ್ತೆ."

"ಆ ನೆಲದ ಮೇಲೆ ಈ ಉಣ್ಣೆ! ಜನವರೀಲಿ ಮಂಜುಗಡ್ಡೆ ಮೇಲೆ ಮೊಳೆ ಕೂರಿಸಿದ ಟೈರಿಲ್ದೆ ಕಾರು ಓಡಿಸ್ತೀಯೇನೋ, ಮೆಕ್ಯಾನಿಕ್ಕು? ಪಾಪದ ಕೂಸಿಗೆ ಕಾಲೂರೋಕೇ ಹಿಡಿತ ಸಿಕ್ಕಿಲ್ಲ. ಪಾದ, ಮಂಡಿ ಎರಡೂ ಬರಿದಾಗಿ ಬಿಡು. ಉಳಿದ ಮೈ ಬೆಚ್ಚಗಿದ್ರೆ ಸಾಕು."

ಮನೆಯಲ್ಲಿ ಗುಡ್ಲಾಗ್ ಕಾಯುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿ ಅವಳ ಬಾಯಿ ಬಿಗಿಯಿತು. "ಅಂದ್ರೆ ತಪ್ಪು ನಂದು ಅನ್ನು."

"ಅರ್ಧ ನನ್ನ ವಾರ್ನಿಷ್‌ದು ಅತ್ತೆ. ಸುಮ್ನೆ ನೋಡಿ."

ಅವನು ಚಲ್ಲಣ, ಕಾಲ್ಚೀಲ ಎಲ್ಲ ಬಿಚ್ಚಿ ಮಗುವನ್ನು ನೆಲಕ್ಕೆ ಬಿಟ್ಟ. ಇಲ್ವಾ ಪಟಪಟನೆ ಮೇಜಿನ ಕಾಲಿನವರೆಗೆ ಹೋದಳು. ಗುಡ್ಲಾಗ್ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟಳು. ಆಮೇಲೆ ತಾನು ಎರಡು ವಾರ ಕೂತು ಹೆಣೆದ ಚಲ್ಲಣವನ್ನು ಎತ್ತಿಕೊಂಡು, ಕತ್ತರಿ ತಂದು, ಮಂಡಿಯ ಮೇಲಕ್ಕೆ ಕಚಕ್ಕನೆ ಕತ್ತರಿಸಿದಳು.

"ಅತ್ತೆ!"

"ಅಂಚು ಹೊಲೀತೀನಿ, ಹೆಣಿಗೆ ಬಿಚ್ಕೊಳ್ಳಲ್ಲ. ನೀನು ಮಾತಾಡ್ತಾ ನಿಲ್ಬೇಡ, ಅವಳನ್ನ ಹಿಡಿಯೋ. ಒಲೆ ಹತ್ರ ಹೋಗ್ತಿದಾಳೆ!"