ಟೀ ಜೊತೆ ನುಂಗಿದ ಮಾತ್ರೆ

"ನಿನಗೆ ಬೇಕಾದ ದಿನ ನನ್ನ ರಕ್ತ ಕೊಡ್ತೀನಿ ಕಣಕ್ಕಾ, ಇದು ನನ್ನ ಮಾತು" ಎಂದು ಗುಬ್ಬಿ ಹೇಳಿದ್ದು ಹದಿಮೂರು ವರ್ಷದ ಹಿಂದೆ, ಹೆರಿಗೆ ವಾರ್ಡಿನಲ್ಲಿ ಮಲಗಿಕೊಂಡು. ಮಗಳು ಹುಟ್ಟುವಾಗ ಅವಳ ಮೈಯ ರಕ್ತವೆಲ್ಲ ಹರಿದುಹೋಗಿ ಜೀವ ಬಾಯಿಗೆ ಬಂದಿತ್ತು. ಅಕ್ಕತಂಗಿಯರಿಬ್ಬರದೂ ಒಂದೇ ಗುಂಪು, ಅದೂ ಸುಲಭಕ್ಕೆ ಸಿಗುವಂಥದ್ದಲ್ಲ. ಅಕ್ಕ ತೋಳು ಚಾಚಿ ಒಂದು ಚೀಲ ರಕ್ತ ಕೊಟ್ಟು ಎದ್ದು ಬಂದು, "ಮಾತು ಆಮೇಲೆ, ಮೊದಲು ಏನಾದ್ರೂ ತಿನ್ನು" ಎಂದಿದ್ದಳು.

ಗುಬ್ಬಿ ಎಂಬುದು ಅಕ್ಕನೇ ಇಟ್ಟ ಅಡ್ಡಹೆಸರು. ಊಟಕ್ಕೆ ಕೂತರೆ ನಾಲ್ಕು ಕಾಳು ಹೆಕ್ಕಿ ಎದ್ದುಬಿಡುತ್ತಾಳೆಂದು. ದೊಡ್ಡವಳಾದ ಮೇಲೂ ಅದು ಬದಲಾಗಲಿಲ್ಲ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಹಾ ಮಾಡುವುದು ಅವಳ ಕೆಲಸ. ಮೊದಲ ಬಸ್ಸು ಹೊರಡುವ ಮುಂಚೆ ಒಲೆ ಹಚ್ಚಿದರೆ ಪಾಳಿ ಬದಲಾಗುವ ತನಕ ಉಸಿರಾಡಲು ಪುರುಸೊತ್ತಿಲ್ಲ. ಪಾತ್ರೆಯ ಪಕ್ಕದಲ್ಲೇ ಅವಳದೊಂದು ಹಿಡಿ ಮುರಿದ ಕಪ್ಪು. ಹಸಿವಾದಾಗಲೆಲ್ಲ ಅದರಿಂದ ಎರಡು ಗುಟುಕು, ದಿನಕ್ಕೆ ಹನ್ನೊಂದೋ ಹನ್ನೆರಡೋ ಸಲ. ಹಸಿವು ಸಾಯುತ್ತಿತ್ತು, ಕೆಲಸ ಸಾಗುತ್ತಿತ್ತು. ಮನೆಗೆ ಬಂದು ಮಗಳಿಗೆ ಬಡಿಸಿ "ನಂದಾಯ್ತು" ಎನ್ನುವುದು ಬಾಯಿಪಾಠವಾಗಿತ್ತು.

ಅಕ್ಕ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಈಗ ಅವಳ ಸೊಂಟದ ಕೀಲು ಸವೆದು, ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿಯುವಂತಾಗಿತ್ತು. ಆಪರೇಷನ್ನಿಗೆ ಹತ್ತು ವಾರದ ಆಚೆ ಒಂದು ದಿನ ಸಿಕ್ಕಿತು. ಅದೇ ಗುಂಪಿನ ರಕ್ತ ಎತ್ತಿಟ್ಟುಕೊಳ್ಳದೆ ಕೈ ಹಚ್ಚುವುದಿಲ್ಲ ಎಂದರು ಆಸ್ಪತ್ರೆಯವರು. ಕರೆದರೆ ಬಂದು ಕೊಡುವವರ ಪಟ್ಟಿ ರಕ್ತನಿಧಿಯಲ್ಲಿತ್ತು. ಅಕ್ಕ ಅದನ್ನು ಕೇಳಲೂ ಒಪ್ಪಲಿಲ್ಲ.

"ಪಟ್ಟಿಗಿಟ್ಟಿ ಬೇಡ. ನನ್ನ ತಂಗಿ ಇದ್ದಾಳೆ, ಮಾತು ಕೊಟ್ಟಿದ್ದಾಳೆ."

ಗುಬ್ಬಿ ಎದೆಯುಬ್ಬಿಸಿಕೊಂಡೇ ರಕ್ತನಿಧಿಗೆ ಹೋದಳು. ನರ್ಸು ಬೆರಳಿಗೆ ಚುಚ್ಚಿ, ಒಂದು ಹನಿಯನ್ನು ನೀಲಿ ನೀರಿದ್ದ ಗಾಜಿನ ಪಾತ್ರೆಗೆ ಬಿಟ್ಟಳು. ಗಟ್ಟಿ ರಕ್ತವಾದರೆ ಹನಿ ಮುಳುಗಬೇಕು. ಇದು ಅರ್ಧ ಇಳಿದು, ಮನಸ್ಸು ಬದಲಾಯಿಸಿದಂತೆ ಮೇಲಕ್ಕೆ ಬಂದು ತೇಲಿತು.

"ಆಗಲ್ಲಮ್ಮ."

"ಇನ್ನೊಂದು ಬೆರಳು ನೋಡ್ರೀ."

"ಹತ್ತು ಬೆರಳಲ್ಲೂ ಓಡೋದು ಒಂದೇ ರಕ್ತ ತಾನೇ?" ಎಂದು ನರ್ಸು ಹತ್ತಿ ಕೊಟ್ಟಳು.

ಸುದ್ದಿ ಕೇಳಿದ ಅಕ್ಕ, "ಅಲ್ವೇ, ನಾನು ಕೊಟ್ಟ ಚೀಲ ಏನ್ ಮಾಡಿದೆ? ಟೀಗೆ ಬೆರೆಸಿ ಡ್ರೈವರುಗಳಿಗೆ ಕುಡಿಸಿಬಿಟ್ಯಾ?" ಎಂದು ನಕ್ಕಳು. ನಗುವಾಗಲೂ ಒಂದು ಕೈ ಸೊಂಟದ ಮೇಲೇ ಇತ್ತು.

ಡಿಪೋದ ಎದುರಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಒಂಬತ್ತೂ ಮುಕ್ಕಾಲು ಬಂತು. ಕೊಡಬೇಕಾದರೆ ಹನ್ನೆರಡೂವರೆ ಇರಬೇಕು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಗುಬ್ಬಿ ಐದು ವಾರ ಒಂದು ದಿನವೂ ತಪ್ಪಿಸದೆ ನುಂಗಿದಳು. ಮತ್ತೆ ಪರೀಕ್ಷೆ ಮಾಡಿದರೆ ಹತ್ತು. ಅಷ್ಟೇ.

"ಇದೇನು ಮೋಸದ ಮಾತ್ರೆನಾ ಡಾಕ್ಟ್ರೇ?" ಗುಬ್ಬಿಗೆ ಪಿತ್ತ ನೆತ್ತಿಗೇರಿತ್ತು.

"ಯಾವಾಗ ನುಂಗ್ತೀರಿ?"

"ಬೆಳಗ್ಗೆ, ಟೀ ಜೊತೆ."

"ಟೀ ಜೊತೆ?"

"ಮತ್ಯಾವುದರ ಜೊತೆ? ಕೈಯಲ್ಲಿ ಇರೋದೇ ಅದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ರಕ್ತ ಅಂದ್ರೆ ನಿಮ್ಮ ಡಿಪೋದ ಬಸ್ಸು ಇದ್ದ ಹಾಗೆ. ನೀವು ಎಳ್ಕೊಳ್ಳೋ ಉಸಿರು ಪ್ರಯಾಣಿಕ. ಕಬ್ಬಿಣ ಸೀಟು. ನಿಮ್ಮ ಬಸ್ಸಲ್ಲಿ ಸೀಟೇ ಕಮ್ಮಿ."

"ನಿಂತ್ಕೊಂಡು ಹೋಗಲ್ವಾ?"

"ಈ ಬಸ್ಸಲ್ಲಿ ನಿಂತವರನ್ನ ಹತ್ತಿಸಲ್ಲ. ಅದಕ್ಕೇ ಮೆಟ್ಟಿಲು ಹತ್ತಿದ್ರೆ ನಿಮಗೆ ಏದುಸಿರು. ನಾನು ದಿನಾ ಸೀಟು ಕಳಿಸ್ತಿದ್ದೀನಿ, ನಿಮ್ಮ ಟೀ ಹೊಟ್ಟೇಲೇ ಅದನ್ನ ತಬ್ಬಿ ಹಿಡಿದು ಹೊರಗೆ ಕರ್ಕೊಂಡು ಹೋಗ್ತಿದೆ. ಮಾತ್ರೆಗೂ ಊಟಕ್ಕೂ ಹಿಂದೆ ಮುಂದೆ ಎರಡು ಗಂಟೆ ಟೀ ಮುಟ್ಟಬೇಡಿ. ನಿಂಬೆಹಣ್ಣಿನ ನೀರಲ್ಲಿ ನುಂಗಿ, ನಿಂಬೆಯ ಹುಳಿ ಕಬ್ಬಿಣನ ರಕ್ತದೊಳಗೆ ಹತ್ತಿಸುತ್ತೆ. ಮಾತ್ರೆ ಒಂದೇ ಸಾಲದು. ಕಾಳು, ಸೊಪ್ಪು, ಮೊಟ್ಟೆ ತಿನ್ನಿ. ಕೂತ್ಕೊಂಡು ತಿನ್ನಿ."

ಕಡೆಯ ಮಾತೇ ಗುಬ್ಬಿಗೆ ಕಷ್ಟವಾದದ್ದು. ಅವಳು ಕೂತು ಉಂಡು ಎಷ್ಟು ಕಾಲವಾಗಿತ್ತೋ.

ಮೊದಲ ಮೂರು ದಿನ ತಲೆ ಸಿಡಿಯಿತು. ಡ್ರೈವರುಗಳಿಗೆ ಒಳ್ಳೆ ಮೋಜು. "ಗುಬ್ಬಿಯಮ್ಮ ಟೀ ಬಿಟ್ರಂತೆ ಕಣ್ರೋ, ಇನ್ನು ನಮ್ಮ ಬಸ್ಸು ಹಿಂದಕ್ಕೇ ಓಡೋದು!" ಅವಳು ಸೌಟು ಎತ್ತಿ ತೋರಿಸಿದಳು. ಮಧ್ಯಾಹ್ನ ಚಹಾದ ಪಾತ್ರೆಗೆ ಬೆನ್ನು ತಿರುಗಿಸಿ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚತೊಡಗಿದಳು. ಬೇಯಿಸಿದ ಕಾಳಿಗೆ ನಿಂಬೆ ಹಿಂಡಿ ಅದಕ್ಕೆ ತುಂಬಿಸುತ್ತಿದ್ದವಳು ಮಗಳು. ರಾತ್ರಿ "ನಂದಾಯ್ತು" ಎಂದರೆ, "ಎಲ್ಲಾಯ್ತು? ಯಾವಾಗಾಯ್ತು? ಸಾಕ್ಷಿ ಯಾರು?" ಎಂದು ವಕೀಲಳಂತೆ ನಿಲ್ಲುತ್ತಿದ್ದಳು.

ಮೂರನೆಯ ವಾರ ಗುಬ್ಬಿ ಹಾಲಿನ ಕ್ಯಾನು ಹೊತ್ತು ಡಿಪೋದ ಮೆಟ್ಟಿಲು ಹತ್ತಿದವಳು, ಮೇಲೆ ಬಂದ ಮೇಲೆ ತಿರುಗಿ ನೋಡಿದಳು. ನಡುವೆ ಎಲ್ಲೂ ನಿಂತಿರಲಿಲ್ಲ. ಇಷ್ಟು ವರ್ಷ ಸುಸ್ತು ಎನ್ನುವುದನ್ನು ಅವಳು ತನ್ನ ಸ್ವಭಾವವೆಂದೇ ತಿಳಿದಿದ್ದಳು. ಕೆಲವರು ಉದ್ದ, ಕೆಲವರು ಗಿಡ್ಡ, ತಾನು ಸುಸ್ತು. ಮಗಳ ಮೇಲೆ ರೇಗಿದ್ದು, ಅವಳು ಕತೆ ಹೇಳುವಾಗ ಕೂತಲ್ಲೇ ತೂಕಡಿಸಿದ್ದು, ಎಲ್ಲ ಲೆಕ್ಕವಿಲ್ಲದಷ್ಟು ನೆನಪಾಯಿತು.

ಆಪರೇಷನ್ನಿಗೆ ನಾಲ್ಕು ದಿನವಿರುವಾಗ ಕೊನೆಯ ಪರೀಕ್ಷೆ. ಹನ್ನೊಂದೂಮುಕ್ಕಾಲು.

"ಚೆನ್ನಾಗೇ ಏರಿದೆ. ಇನ್ನು ನಾಲ್ಕು ವಾರ ಬಿಟ್ಟು ಕೊಡಬಹುದು" ಎಂದರು ಡಾಕ್ಟರಮ್ಮ.

ಗುಬ್ಬಿ ಕಾಗದ ಮಡಚಿಕೊಂಡು ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಗುಂಡಿ ಹೊಲಿಯುತ್ತ ಕೂತಿದ್ದಳು.

"ಸರಿ, ಮುಂದಕ್ಕೆ ಹಾಕಿಸ್ತೀನಿ ಬಿಡು" ಎಂದಳು.

"ಮುಂದಕ್ಕೆ ಹಾಕಿದ್ರೆ ಇನ್ನು ಐದು ತಿಂಗಳು ಅಂದಿದ್ದಾರೆ ಆಸ್ಪತ್ರೆಯವರು."

"ಐದು ತಿಂಗಳು ಕುಂಟಿದ್ರೆ ಪ್ರಾಣ ಹೋಗಲ್ಲ."

"ಪಟ್ಟಿಯವರನ್ನ ಕರೆಸೋಣ ಅಕ್ಕ."

"ಬೇಡ ಅಂದ್ನಲ್ಲ."

"ಯಾಕೆ ಈ ಹಟ? ಯಾರ ರಕ್ತ ಆದ್ರೇನು?"

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು. "ನನಗೆ ಯಾರದ್ದಾದ್ರೂ ಆಗುತ್ತೆ ಕಣೇ. ನಿನ್ನದೇ ಚಿಂತೆ. ನನಗೋಸ್ಕರ ಅಂದ್ರೆ ತಿಂತೀಯ. ನಿನಗೋಸ್ಕರ ಅಂದ್ರೆ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ. ನಾಳೆ ನಾನು ಯಾರದೋ ರಕ್ತದಲ್ಲಿ ಎದ್ದು ಓಡಾಡಿದ್ರೆ, ನಾಡಿದ್ದು ನೀನು ಮತ್ತೆ ಟೀ ಪಾತ್ರೆ ಮುಂದೆ."

ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿಯೊಬ್ಬಳು ಕರೆದಳು. ಅಕ್ಕ ಏಳಲು ಹೋದಳು. ಮೇಜು ಹಿಡಿದು ಒಮ್ಮೆ, ಕುರ್ಚಿಯ ಬೆನ್ನು ಹಿಡಿದು ಇನ್ನೊಮ್ಮೆ. ಮೂರನೆಯ ಸಲ ತುಟಿ ಕಚ್ಚಿ ಎದ್ದು ನಿಂತಾಗ ಹಣೆಯ ಮೇಲೆ ಬೆವರಿತ್ತು. ಹದಿಮೂರು ವರ್ಷ ಕಾಪಾಡಿಕೊಂಡ ಮಾತು ಉಳಿಯಬೇಕಾದರೆ ಈ ಸೊಂಟ ಇನ್ನೂ ಐದು ತಿಂಗಳು ಹೀಗೇ ಏಳಬೇಕು.

ಅಕ್ಕ ವಾಪಸು ಬರುವಷ್ಟರಲ್ಲಿ ಗುಬ್ಬಿ ಫೋನು ಕಿವಿಗಿಟ್ಟಿದ್ದಳು. "ರಕ್ತನಿಧಿನಾ? ಪಟ್ಟಿಯಿಂದ ಒಬ್ಬರನ್ನ ಕರೆಸಿ. ಹೌದು, ನನಗೆ ಕೊಡೋಕಾಗಲ್ಲ."

"ಲೇ!" ಎಂದಳು ಅಕ್ಕ.

"ಕೂತ್ಕೋ. ಬೈಯೋದೆಲ್ಲ ಆಮೇಲೆ ಬೈಯುವಂತೆ. ತಿನ್ನೋಕೆ ಏನಿದೆ ಮನೇಲಿ? ನನಗೆ ಹಸಿವಾಗಿದೆ."

ಆಪರೇಷನ್ ಗೊತ್ತುಮಾಡಿದ್ದ ದಿನವೇ ನಡೆಯಿತು. ಅಕ್ಕನಿಗೆ ಹೋದದ್ದು ಪಟ್ಟಿಯಲ್ಲಿದ್ದ ಒಬ್ಬ ಬಡಗಿಯ ರಕ್ತ. ಗುಬ್ಬಿ ಕೊಟ್ಟ ಮಾತು ನಡೆಸಲಿಲ್ಲ.